ಅರ್ಧಬಲ

ಚನ್ನಪಟ್ಟಣದ ಸೀಮೆಗೂ ಅಂಗಸಾಧನೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ವಿಜಯದಶಮಿಯ ದಿನ ಮೈಸೂರಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚಾಮರಾಜನಗರಗಳ ಜೆಟ್ಟಿಗಳೊಡನೆ ಚನ್ನಪಟ್ಟಣದ ಜೆಟ್ಟಿಗಳೂ ಇಳಿಯುವರೆಂಬುದನ್ನು ವಾಚಕರು ಬಲ್ಲರು. ತಲೆ ಬೋಳಿಸಿಕೊಂಡು, ಮೊನೆಯುಳ್ಳ ಆಯುಧವನ್ನು ಮುಷ್ಟಿಗೆ ತೊಟ್ಟು ಸೆಣಸುವ ಆ ಕಾಳಗವು ಒಂದು ತೊಟ್ಟು ನೆತ್ತರು ಕಂಡೊಡನೆಯೇ ನಿಂತುಬಿಡುವುದು. ಅಷ್ಟು ಉಗ್ರವಾದ ಆಟಕ್ಕೆ ಅಷ್ಟು ಸಣ್ಣ ಮೇರೆಯನ್ನು ಇಟ್ಟವರ ವಿವೇಕವು ಕೊಂಡಾಡತಕ್ಕದ್ದು. ಬೈರಾಪಟ್ಟಣದ ತರುಣನೊಬ್ಬನಿಗೆ ಈ ಮೇರೆಯೆಂಬುದರ ಅರ್ಥವು ತಿಳಿದುಬಂದದ್ದು ಬಲಭುಜದ ಕೀಲು ತಪ್ಪಿದ ಮೇಲೆ.

ಅವರ ಮನೆಯದು ರೇಷ್ಮೆಯ ಬೇಸಾಯ. ಒಂದಿಷ್ಟು ಹಿಪ್ಪುನೇರಳೆ ತೋಟ, ಹುಳು ಮನೆ, ಬದುವಿನ ಮೇಲೆ ಕೆಲವು ತೆಂಗಿನ ಮರಗಳು. ಗೂಡು ಬಿಡಿಸಿದರೆ ರಾಮನಗರದ ಮಾರುಕಟ್ಟೆ. ತಾತನು ಪ್ರಾಯದಲ್ಲಿ ಗರಡಿಯ ಮಟ್ಟಿಯಲ್ಲಿ ಹೊರಳಿದವನು. ಮೊಮ್ಮಗನಾದರೋ ನಸುಕಿನಲ್ಲಿಯೇ ಬೈಕನ್ನೇರಿ ಪೇಟೆಯ ಜಿಮ್ಮಿಗೆ ಹೋಗತಕ್ಕವನು. ಜಿಮ್ಮೆಂದೊಡನೆ ಮೂಗು ಮುರಿಯುವ ಹಿರಿಯರಿದ್ದಾರೆ, ಅದು ನ್ಯಾಯವಲ್ಲ. ‘ಶಾಂತಲಾ’ ಕಾದಂಬರಿಯನ್ನು ಬರೆದ ಕೆ. ವಿ. ಅಯ್ಯರ್ ಅವರೇ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, 1930ರಷ್ಟು ಹಿಂದೆಯೇ ಮಾಂಸಖಂಡಗಳ ಸಾಧನೆಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನು ಪ್ರಕಟಿಸಿದವರು. ಕಬ್ಬಿಣದಲ್ಲಿ ದೋಷವಿಲ್ಲ. ದೋಷವಿದ್ದುದು ಗೋಡೆಯ ತುಂಬ ಇದ್ದ ಕನ್ನಡಿಯಲ್ಲಿ ಮತ್ತು ಸುತ್ತ ನಿಂತು ಹುರಿದುಂಬಿಸುತ್ತಿದ್ದ ಗೆಳೆಯರಲ್ಲಿ. ಅವರ ಮಾತಿಗೆ ಉಬ್ಬಿ, ಹಿಂದೆಂದೂ ಎತ್ತದ ಭಾರವನ್ನು ತಲೆಯ ಮೇಲಕ್ಕೆ ಎತ್ತಿದನು. ತೋಳು ಹಿಂದಕ್ಕೆ ವಾಲಿತು. ಒಳಗೆ ಏನೋ ಜಾರಿದಂತಾಯಿತು.

ಸುಶ್ರುತಾಚಾರ್ಯನು ಶರೀರದ ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಕಂಕುಳ ಬಳಿಯ ಸಂಧಿಯನ್ನೂ ತೊಡೆಯ ಸಂದನ್ನೂ ಉದೂಖಲವೆಂಬ ವರ್ಗದಲ್ಲಿ ಸೇರಿಸಿದ್ದಾನೆ. ಉದೂಖಲವೆಂದರೆ ಒರಳು. ತೊಡೆಯ ಮಟ್ಟಿಗೆ ಈ ಹೆಸರು ಬಹಳ ಒಪ್ಪುವುದು. ಅಲ್ಲಿಯ ಗುಂಡು ಆಳವಾದ ಕುಳಿಯಲ್ಲಿ ಹುದುಗಿರುತ್ತದೆ. ಭುಜದ ಕುಳಿಯಾದರೋ ಒರಳಿಗಿಂತ ತಟ್ಟೆಗೆ ಸಮೀಪ. ತಟ್ಟೆಯ ಮೇಲೆ ನಿಂಬೆಹಣ್ಣನ್ನು ಇಟ್ಟಂತೆ ತೋಳಿನ ಮೂಳೆಯ ತಲೆಯು ಅಲ್ಲಿ ನಿಂತಿದೆ. ಅದನ್ನು ಹಿಡಿದಿಟ್ಟಿರುವುದು ಅಂಚಿನ ಸುತ್ತ ಹೊಲಿದಂತಿರುವ ಒಂದು ಪಟ್ಟಿ, ಕೆಲವು ಬಂಧಗಳು, ನಾಲ್ಕು ಸಣ್ಣ ಸ್ನಾಯುಗಳು. ಕೈಯನ್ನು ಎಲ್ಲ ದಿಕ್ಕಿಗೂ ಬೀಸಬಲ್ಲ ಸ್ವಾತಂತ್ರ್ಯಕ್ಕೆ ಮನುಷ್ಯನು ತೆರುವ ಬೆಲೆ ಇದು. ಕನ್ನಡಿಯಲ್ಲಿ ಕಾಣುವ ದೊಡ್ಡ ಖಂಡಗಳನ್ನು ಬೆಳೆಸುವವರು ಕಾಣದ ಈ ನಾಲ್ವರನ್ನು ಮರೆಯುವುದೇ ಹೆಚ್ಚು.

ನೆರೆಯವರು ಯಾರೋ ಮೊದಲು ನೀವಿಸಿ ಎಳೆಸುವುದೇ ಸರಿಯೆಂದರು. ಮಟ್ಟಿಯಲ್ಲಿ ಬೆಳೆದ ತಾತನು ಅದಕ್ಕೆ ಒಪ್ಪುವನೆಂದೇ ಎಲ್ಲರೂ ಎಣಿಸಿದ್ದರು. ಆತನು, “ಒಳಗೆ ಮೂಳೆ ಮುರಿದಿದ್ರೆ? ಮೊದ್ಲು ಫೋಟೋ ತೆಗೆಸ್ರಪ್ಪ” ಎಂದು ಆಸ್ಪತ್ರೆಗೆ ಕಳುಹಿಸಿದನು. ಎಕ್ಸರೇ ತೆಗೆದು, ಮುರಿತವಿಲ್ಲವೆಂದು ಕಂಡು, ವೈದ್ಯರು ಕೀಲನ್ನು ಕೂರಿಸಿ ಕೈಯನ್ನು ಕೊರಳಿಗೆ ತೂಗುಹಾಕಿದರು. ಅಂಸಸಂಧಿಯು ತಪ್ಪಿದಾಗ ಕಂಕುಳನ್ನು ಒನಕೆಯಿಂದ ಮೇಲೆತ್ತಿ ಸ್ಥಾನಕ್ಕೆ ಸೇರಿಸಿ, ಸ್ವಸ್ತಿಕವೆಂಬ ಅಡ್ಡಹಾಯುವ ಕಟ್ಟನ್ನು ಕಟ್ಟಬೇಕೆಂದು ಸುಶ್ರುತನ ವಿಧಿ. ಒನಕೆ ಹೋಗಿ ಅರಿವಳಿಕೆ ಬಂದಿದೆ. ಕೂರಿಸಿದ ಮೇಲೆ ಅಲುಗದಂತೆ ಕಟ್ಟಬೇಕೆಂಬ ತತ್ತ್ವವು ಇಂದಿಗೂ ಹಾಗೆಯೇ ಉಳಿದಿದೆ.

ಮನೆಗೆ ಬಂದ ಮೊಮ್ಮಗನನ್ನು ತಾತನು ಕೇಳಿದ್ದು ಒಂದೇ ಮಾತು: “ಏನ್ಲಾ ಮಗ, ನೀನು ಕಬ್ಬಿಣ ಎತ್ತಿದ್ಯೋ, ಕಬ್ಬಿಣ ನಿನ್ನ ಎತ್ತಿತೋ?”

ಹುಡುಗನು ನಗಲಿಲ್ಲ. ಗೋಡೆಯ ಕಡೆಗೆ ತಿರುಗಿ ಮಲಗಿದನು. ಒಂದು ವಾರ ಹೀಗೆಯೇ ಕಳೆಯಿತು. ದೇಹಕ್ಕೆ ಪೆಟ್ಟು ಬಿದ್ದವರಿಗೆ ನೋವಿಗಿಂತ ದೊಡ್ಡ ಶತ್ರುವು ಈ ಮಲಗುವಿಕೆ; ಕೆಟ್ಟದ್ದು ಒಂದು ಕೀಲಾದರೂ ಸೊರಗುವುದು ಇಡೀ ಮೈ. ತಾತನಿಗೆ ಇದು ಗರಡಿಯಲ್ಲಿಯೇ ತಿಳಿದಿತ್ತು. ಕೈ ಉಳುಕಿದ ಹುಡುಗನನ್ನು ಉಸ್ತಾದರು ಮನೆಗೆ ಅಟ್ಟುತ್ತಿರಲಿಲ್ಲವಂತೆ. ಬಸ್ಕಿ ಹೊಡೆಯೆಂದು ಹೇಳುತ್ತಿದ್ದರಂತೆ, ಇಲ್ಲವಾದರೆ ಮಟ್ಟಿಯ ಅಂಚಿನಲ್ಲಿ ಕೂರಿಸಿ ಪಟ್ಟುಗಳನ್ನು ನೋಡಿಸುತ್ತಿದ್ದರಂತೆ. ಎಂಟನೆಯ ದಿನ ವೈದ್ಯರನ್ನು ಕೇಳಿ ಒಪ್ಪಿಗೆ ಪಡೆದು, ಮೊಮ್ಮಗನನ್ನು ತಾನೇ ಬಸ್ಸಿನಲ್ಲಿ ಕೂರಿಸಿಕೊಂಡು ಜಿಮ್ಮಿಗೆ ಕರೆತಂದನು. ಪಂಚೆಯುಟ್ಟ ಮುದುಕನೊಬ್ಬನು ಆ ಯಂತ್ರಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕುಳಿತುದನ್ನು ಕಂಡು ಕೆಲವರು ಮುಸಿಮುಸಿ ನಕ್ಕರು.

ಮೊದಲ ವಾರಗಳಲ್ಲಿ ಕಾಲಿಗಷ್ಟೇ ಕೆಲಸ: ಭಾರವಿಲ್ಲದ ಬಸ್ಕಿ, ನಿಂತಲ್ಲಿಯೇ ತುಳಿಯುವ ಸೈಕಲ್ಲು. ಎಡಗೈಗೂ ಸ್ವಲ್ಪ ಸಾಧನೆ. ಎಡಗೈ ಸಾಧಿಸಿದರೆ ಬಲಗೈಗೇನು ಬಂತೆಂದು ಕೇಳುವವರಿಗೆ ಒಂದು ಸಂಗತಿಯನ್ನು ಹೇಳಬಹುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಕ್ರಿಪ್ಚರ್ ಎಂಬ ಪಂಡಿತರು 1894ರಲ್ಲಿಯೇ ಒಂದು ಕೈಯನ್ನು ಪಳಗಿಸಿದರೆ ಪಳಗಿಸದ ಇನ್ನೊಂದು ಕೈಯಲ್ಲಿಯೂ ಬಲವು ಸ್ವಲ್ಪ ಹೆಚ್ಚುವುದನ್ನು ಪ್ರಯೋಗದಿಂದ ತೋರಿಸಿದರು. ಬಲವು ಮಾಂಸದಲ್ಲಿ ಮಾತ್ರವಲ್ಲದೆ ಅದನ್ನು ಆಳುವ ನರಮಂಡಲದಲ್ಲಿಯೂ ನೆಲೆಸಿರುವುದೇ ಇದಕ್ಕೆ ಕಾರಣ.

ಮೂರು ವಾರಗಳಾದ ಮೇಲೆ ತೂಗುಪಟ್ಟಿಯನ್ನು ಬಿಚ್ಚಿದರು. ನಿಜವಾದ ಕಷ್ಟವು ತೊಡಗಿದ್ದು ಆಗ. ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗುವುದು, ಬೆರಳುಗಳನ್ನು ಗೋಡೆಯ ಮೇಲೆ ಇರುವೆಯಂತೆ ಹತ್ತಿಸುವುದು, ಬಾಗಿಲ ಚಿಲಕಕ್ಕೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಮೊಣಕೈ ಅಲುಗದಂತೆ ಎಳೆಯುವುದು. ಅನಂತರ ಒಂದು ಕಿಲೋ ತೂಕದ, ಗುಲಾಬಿ ಬಣ್ಣದ ಪುಟ್ಟ ಕೈಗುಂಡು. ನಿನ್ನೆಯವರೆಗೆ ಐವತ್ತು ಕಿಲೋ ಎತ್ತುತ್ತಿದ್ದವನಿಗೆ ಆ ಗುಲಾಬಿ ಗುಂಡನ್ನು ಕನ್ನಡಿಯ ಮುಂದೆ ಹಿಡಿದು ನಿಲ್ಲುವುದಕ್ಕಿಂತ ದೊಡ್ಡ ಅವಮಾನವುಂಟೆ? ಗೆಳೆಯರು ಏನೂ ಹೇಳಲಿಲ್ಲ. ಹೇಳದಿರುವುದೇ ಅವನಿಗೆ ಚುಚ್ಚಿತು.

ಐದನೆಯ ವಾರದಲ್ಲಿ, ತಾತನು ಬಾರದ ಒಂದು ದಿನ, ಅವನು ಉದ್ದನೆಯ ಸಲಾಕೆಯನ್ನು ಹಿಡಿದನು. ಎದೆಯವರೆಗೆ ಬಂದಿತು. ತಲೆಯ ಮೇಲಕ್ಕೆ ಹೊರಟಾಗ ಭುಜದೊಳಗೆ ಹಿಂದಿನಂತೆಯೇ ಜಾರುವ ಸೂಚನೆ. ಬೆವರು ತಣ್ಣಗೆ ಇಳಿಯಿತು. ಸಲಾಕೆಯನ್ನು ಹೇಗೋ ಕೆಳಕ್ಕೆ ಬಿಟ್ಟನು. ಕೀಲು ತಪ್ಪಲಿಲ್ಲ, ಪುಣ್ಯ. ಎಳೆಯ ವಯಸ್ಸಿನಲ್ಲಿ ಒಮ್ಮೆ ತಪ್ಪಿದ ಭುಜವು ಮತ್ತೆ ತಪ್ಪುವುದು ಬಹಳ ಸಾಮಾನ್ಯವೆಂದೂ, ಪದೇ ಪದೇ ತಪ್ಪಿದರೆ ಶಸ್ತ್ರಚಿಕಿತ್ಸೆಯೇ ಬೇಕಾದೀತೆಂದೂ ವೈದ್ಯರು ಮೊದಲೇ ಹೇಳಿದ್ದರು. ಆ ರಾತ್ರಿ ಅವನು ಊಟಕ್ಕೆ ಕುಳಿತಾಗ ಎಡಗೈಯಿಂದ ನೀರಿನ ಚೊಂಬನ್ನು ಎತ್ತಿದುದನ್ನು ತಾತನು ನೋಡಿದನು.

“ಎತ್ತಿದ್ಯಾ?”

“ಹೂಂ, ತಾತ.”

“ಪೂರಾ ಎತ್ತೋದು ಯಾವನಿಗಾದ್ರೂ ಬತ್ತದೆ ಕಣ್ ಮಗ. ಅರ್ಧ ಎತ್ತಿ ಇಳಿಸೋದೇ ಕಷ್ಟ.”

ಬೈಗಳನ್ನು ಎದುರು ನೋಡುತ್ತಿದ್ದವನಿಗೆ ಇದು ಬೈಗಳಿಗಿಂತ ಹೆಚ್ಚಾಯಿತು. ತಾತನು ಶಾಸ್ತ್ರವನ್ನು ಓದಿದವನಲ್ಲ. ಆದರೂ ಹಿತವನ್ನು ಬಯಸುವವನು ತನ್ನ ಬಲದ ಅರ್ಧದಷ್ಟೇ ವ್ಯಾಯಾಮ ಮಾಡತಕ್ಕದ್ದೆಂದೂ, ಉಸಿರು ಬಾಯಿಗೆ ಬರುವುದೇ ಅದರ ಗುರುತೆಂದೂ ಸುಶ್ರುತನು ಹೇಳಿರುವುದು ಇದನ್ನೇ. ಇನ್ನೂ ಸೊಗಸಾದ ಮಾತೊಂದಿದೆ. ಅಂಗೈ ಮುರಿದು ಕೂಡಿದವನಿಗೆ ಅವನು ವಿಧಿಸುವ ಸಾಧನೆಯಲ್ಲಿ ಮೊದಲು ಹಿಡಿಯುವುದು ಮಣ್ಣಿನ ಮುದ್ದೆ, ಆಮೇಲೆ ಉಪ್ಪಿನ ಗಡ್ಡೆ, ಕೈಗೆ ಬಲ ಬಂದ ಮೇಲಷ್ಟೇ ಕಲ್ಲು. ಗುಲಾಬಿ ಬಣ್ಣದ ಗುಂಡು ಆ ಮಣ್ಣಿನ ಮುದ್ದೆಯ ವಂಶದ್ದೇ. ಕೀಲು ಗಟ್ಟಿಯಾಗಲು ಎಳೆಯರಿಗೆ ಒಂದು ತಿಂಗಳಾದರೆ ನಡುವಯಸ್ಸಿನವರಿಗೆ ಎರಡರಷ್ಟು, ಮುದುಕರಿಗೆ ಮೂರರಷ್ಟು ಕಾಲ ಬೇಕೆಂದೂ ಲೆಕ್ಕವಿಟ್ಟಿದ್ದಾನೆ. ಇಂದಿನ ವೈದ್ಯರು ಎಳೆಯರಿಗೂ ತಿಂಗಳುಗಳನ್ನೇ ಹೇಳುವರು. ಈ ವಿಷಯದಲ್ಲಿ ಅವರ ಮಾತೇ ಪ್ರಮಾಣ.

ಮರುದಿನದಿಂದ ಹುಡುಗನು ಕನ್ನಡಿಗೆ ಬೆನ್ನು ಮಾಡಿ ನಿಂತು ಸಾಧನೆ ಮಾಡತೊಡಗಿದನು. ಒಂದು ಕಿಲೋ ಎರಡಾಯಿತು. ಎರಡು ಮೂರಾಗಲು ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ಮನೆಯಲ್ಲಿ ಹುಳು ನಾಲ್ಕನೆಯ ಜ್ವರವನ್ನು ಕಳೆದು ಎದ್ದಿತು. ರೇಷ್ಮೆಯ ಮನೆಯವರಿಗೆ ಆ ದಿನಗಳು ಎಂಥವೆಂಬುದನ್ನು ಹೇಳಬೇಕಾಗಿಲ್ಲ. ಜೀವಮಾನದ ಸೊಪ್ಪಿನಲ್ಲಿ ಬಹುಪಾಲನ್ನು ಹುಳು ತಿನ್ನುವುದು ಆಗಲೇ, ಹಗಲಿರುಳೂ ಹುಳು ಮನೆಯಲ್ಲಿ ಮಳೆ ಹೊಯ್ದಂತೆ ಸದ್ದು. ಹಿಂದೆಲ್ಲ ತೋಟದಿಂದ ಸೊಪ್ಪನ್ನು ಒಂದೇ ಹೊರೆಯಾಗಿ ತರುತ್ತಿದ್ದವನು ಅವನೇ. ಈ ಸಲ ಕೂಲಿಯಾಳನ್ನು ಹುಡುಕಿದರು; ಒಂದು ದಿನ ಆಳು ಬಾರದೆ ಹೋದನು. ಹುಡುಗನು ತೋಟಕ್ಕೆ ಹೋದಾಗ ಅವ್ವನು ಸೊಪ್ಪು ಕೊಯ್ದು ಮುಗಿಸಿದ್ದಳು. ಒಂದು ದೊಡ್ಡ ಹೊರೆಯಾಗಬೇಕಾದುದನ್ನು ನಾಲ್ಕು ಸಣ್ಣ ಕಟ್ಟುಗಳಾಗಿ ಕಟ್ಟಿ ಬದುವಿನ ಮೇಲೆ ಸಾಲಾಗಿ ಇಟ್ಟಿದ್ದಳು. ಅವನು ಒಮ್ಮೆ ಕಟ್ಟುಗಳನ್ನೂ ಒಮ್ಮೆ ಅವ್ವನನ್ನೂ ನೋಡಿದನು; ಏನೂ ಹೇಳದೆ ಒಂದನ್ನು ಎಡಭುಜಕ್ಕೆ ಏರಿಸಿಕೊಂಡು ಮನೆಯ ಕಡೆಗೆ ನಡೆದನು. ಇನ್ನೂ ಮೂರು ಸಲ ತಿರುಗಬೇಕಾಗಿತ್ತು.