ಪೆಟ್ರೋಲು ಕೊಳವೆಯ ಎರಡು ಪರೀಕ್ಷೆಗಳು

ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯವರು ತಯಾರಿಸಿದ ಎಕ್ಸ್-ಏರ್ ಎಂಬ ಪುಟ್ಟ ವಿಮಾನವು ಬಿಡಿಭಾಗಗಳಾಗಿ ಇಂಗ್ಲೆಂಡಿನವರೆಗೂ ಹೋಯಿತೆಂಬುದನ್ನು ನಿಮ್ಮಲ್ಲಿ ಅನೇಕರು ಅರಿಯಿರಿ. ಅಲ್ಯುಮಿನಿಯಂ ಕೊಳವೆಗಳ ಚೌಕಟ್ಟು, ಹೊಲಿದ ಬಟ್ಟೆಯ ರೆಕ್ಕೆ. ಕೊಂಡವರೇ ಜೋಡಿಸಿ, ತಾವೇ ಅದರಲ್ಲಿ ಕುಳಿತು ಹಾರಿದರು. ಇಂಥ ವಿಮಾನದ ರೆಕ್ಕೆಯನ್ನು ಎಲ್ಲರೂ ಮೆಚ್ಚುವರು. ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲನ್ನೊಯ್ಯುವ ಕೊಳವೆಯನ್ನು ನೋಡುವವರು ವಿರಳ. ನನಗಾದರೋ ಅದರ ಮೇಲೆಯೇ ಕಣ್ಣು.

ಮನೆಯಲ್ಲಿ ವಿಮಾನ ಕಟ್ಟುವವರು ಈ ಕೊಳವೆಯನ್ನೂ ಅನೇಕ ವೇಳೆ ತಾವೇ ಸಿದ್ಧಗೊಳಿಸುವರು. ಒಳಗೆ ಪೆಟ್ರೋಲನ್ನು ತಾಳುವ ರಬ್ಬರು, ಅದರ ಸುತ್ತ ನೂಲಿನ ಇಲ್ಲವೆ ಉಕ್ಕಿನ ತಂತಿಯ ಹೆಣಿಗೆ. ಗಜೇಂದ್ರಗಡದ ಮಗ್ಗಗಳನ್ನು ಕಂಡ ಪುರ್ತಗೇರಿಯ ಹುಡುಗಿಗೆ ಎಳೆಗೆ ಎಳೆ ಕೂಡಿದಾಗ ಬರುವ ಬಲವನ್ನು ನಾನು ವಿವರಿಸಬೇಕಾಗಿಲ್ಲ. ಕೊಳವೆಯನ್ನು ನೇರವಾಗಿ ಕತ್ತರಿಸಿ, ತುದಿಗೆ ಲೋಹದ ಬಿರಡೆಯನ್ನು ತೊಡಿಸಿ, ಅದರೊಳಕ್ಕೆ ಎಣ್ಣೆ ಸವರಿದ ಮೊಳೆಯಂಥ ಟೊಳ್ಳು ತುಂಡನ್ನು ಮೆಲ್ಲಗೆ ತಿರುಗಿಸಬೇಕು. ಅಪಾಯವಿರುವುದು ಇಲ್ಲಿಯೇ. ಅವಸರಪಟ್ಟರೆ ಆ ತುಂಡಿನ ಅಂಚು ಒಳಗಿನ ರಬ್ಬರನ್ನು ಕೆತ್ತಿ, ನಾಲಗೆಯಂಥ ಒಂದು ಸಿಪ್ಪೆಯನ್ನು ಎಬ್ಬಿಸುತ್ತದೆ.

ಸೋರಿಕೆಯ ಪರೀಕ್ಷೆ ನಿಮಗೆ ಹೊಸದಲ್ಲ. ಪಂಚರ್ ಹಾಕುವವನು ಸೈಕಲ್ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆಗಳನ್ನು ಹುಡುಕುವಂತೆಯೇ ಇದೂ. ಹೆಚ್ಚಿನ ಒತ್ತಡಕ್ಕೆ ಮಾತ್ರ ಗಾಳಿಯ ಬದಲು ದ್ರವವನ್ನು ತುಂಬತಕ್ಕದ್ದು; ಅದುಮಿದ ಗಾಳಿಯ ಕೊಳವೆ ಒಡೆದರೆ ಸಿಡಿಮದ್ದಿನಂತೆ ಸಿಡಿದೀತು.

ಆದರೆ ಸೋರದ ಕೊಳವೆಯೆಲ್ಲವೂ ಒಳ್ಳೆಯ ಕೊಳವೆಯಲ್ಲ. ಆ ರಬ್ಬರಿನ ನಾಲಗೆ ಒಂದು ಹನಿಯನ್ನೂ ಹೊರಬಿಡದೆ ಒಳದಾರಿಯನ್ನೇ ಅರ್ಧ ಮುಚ್ಚಬಲ್ಲದು. ನೆಲದ ಮೇಲೆ ಇಂಜಿನ್ನು ನಿಧಾನವಾಗಿ ತಿರುಗುವಾಗ ಅದಕ್ಕೆ ಬೇಕಾದ ಪೆಟ್ರೋಲು ಅತ್ಯಲ್ಪ, ದೋಷ ಕಾಣದು. ಪೂರ್ಣ ಶಕ್ತಿಯಿಂದ ಮೇಲೇರುವಾಗ, ಮರಗಳ ತುದಿಯನ್ನು ಆಗತಾನೆ ದಾಟಿದಾಗ, ಇಂಜಿನ್ನು ಬಾಯಾರಿ ನಿಲ್ಲುವುದು. ಹಿಂದಿರುಗಲು ಎತ್ತರವೂ ಇಲ್ಲ, ಸಮಯವೂ ಇಲ್ಲ.

ಆದುದರಿಂದ ಕೊಳವೆಯ ಒಳಭಾಗವನ್ನು ಬೆಳಕಿಗೆ ಹಿಡಿದು ನೋಡಿ, ವಿಮಾನದ ಮೂತಿಯನ್ನು ಕಡಿದಾಗಿ ಏರುವ ಕೋನಕ್ಕೆ ಎತ್ತಿ ನಿಲ್ಲಿಸಿ, ಇಂಜಿನ್ನಿನ ಬಳಿ ಬೀಳುವ ಪೆಟ್ರೋಲನ್ನು ಅಳೆಯುವರು. ತಾನಾಗಿ ಇಳಿದು ಬರುವುದಾದರೆ ಪೂರ್ಣ ಶಕ್ತಿಗೆ ಬೇಕಾದುದರ ಶೇಕಡಾ 150, ಪಂಪಿನಿಂದ ಬರುವುದಾದರೆ ಶೇಕಡಾ 125 ದೊರೆಯಬೇಕು. ಗಂಟೆಗೆ 20 ಲೀಟರ್ ಕುಡಿಯುವ ಇಂಜಿನ್ನಿಗೆ, ಪಂಪಿಲ್ಲದಿದ್ದರೆ, ನಿಮಿಷಕ್ಕೆ ಅರ್ಧ ಲೀಟರ್. ಗಡಿಯಾರವೂ ಅಳತೆಯ ಪಾತ್ರೆಯೂ ಇದ್ದರೆ ಏಳನೆಯ ತರಗತಿಯ ಬಾಲಕಿಯೂ ಈ ಲೆಕ್ಕವನ್ನು ಮಾಡಿಯಾಳು.

ಒಮ್ಮೆ ತೇರ್ಗಡೆಯಾದ ಕೊಳವೆಗೂ ಮುಪ್ಪುಂಟು. ರೋಟಾಕ್ಸ್ 912 ಇಂಜಿನ್ನಿನ ರಬ್ಬರು ಕೊಳವೆಗಳನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕೆಂದು ತಯಾರಕರ ನಿಯಮ. ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವ ಈ ದಿನಗಳಲ್ಲಿ, ಅದಕ್ಕೆ ತಕ್ಕುದಲ್ಲದ ರಬ್ಬರು ಇನ್ನೂ ಬೇಗ ಉಬ್ಬಿ ಬಿರಿಯುವುದು. ಕಟ್ಟಿದವರು ಅಂದಿನ ತೇದಿಯನ್ನು ಬರೆದ ಪಟ್ಟಿಯೊಂದನ್ನು ಕೊಳವೆಗೆ ಬಿಗಿಯುವುದು ಇದಕ್ಕಾಗಿಯೇ.