ದನಿ ಕಡಿದದ್ದು ಎಲ್ಲಿ?

ಪುಣೆಯಾಗಿರೋ ಮಗಳಿಗೆ ಪ್ರತಿ ಸೋಮವಾರ ಸಂಜಿಮುಂದ ವಿಡಿಯೊ ಕಾಲಿನಾಗ ಭಜನಿ ಪದ ಕಲಿಸ್ತೀನಿ. ಒಮ್ಮೆ ಆಕಿ, "ಅಪ್ಪಾ, ನಿನ್ನ ದನಿ ಕಡದು ಕಡದು ಬರ್ತದ, ಆರಾಮ ಅದಿಯಿಲ್ಲೊ?" ಅಂದಳು. ಅರವತ್ತು ದಾಟಿದವನ ಎದಿ ಝಲ್ ಅಂತು. ದನೀನ ಹೋತೇನೊ ಅಂದುಕೊಂಡೆ.

ನಮ್ಮ ಮನಿಯೊಳಗ ವೈಫೈ ಡಬ್ಬಿ ಎರಡು: ಪಡಸಾಲಿಗೆ ಒಂದು, ಹಿತ್ತಲ ಖೋಲಿಗೆ ಒಂದು. ನಡುವ ವಾಯರು. ಎರಡರ ದೀಪವೂ ಉರೀತಿದ್ದವು. ಮೊಮ್ಮಗ ಹಿತ್ತಲ ಡಬ್ಬಿ ತಂದು ಪಡಸಾಲಿ ಡಬ್ಬಿಯ ಮಗ್ಗಲಿಗಿಟ್ಟು, ಬ್ಯಾರೆ ಗಿಡ್ಡ ವಾಯರು ಹಚ್ಚಿದ. ಚಲೋ ನಡೀತು. ಅಂದರ ತಪ್ಪು ಉದ್ದ ವಾಯರಿನದು. ಹುಡುಕಿದರ, ಜೋಳದ ಚೀಲದ ಹಿಂದ ಇಲಿ ಕಡದಿತ್ತು. ಅದರೊಳಗ 8 ತಾಮ್ರದ ಎಳಿ, ಹೆಣೆದ 4 ಜೋಡಿ. ಪೂರಾ ವೇಗಕ್ಕ ಎಂಟೂ ಬೇಕು. ವಾಯರು ಕೈಕೊಟ್ಟರ ಡಬ್ಬಿಗಳು ಗಾಳಿಯೊಳಗ ಒಂದನ್ನೊಂದು ಹಿಡಕೊಂಡು ಹೆಂಗೋ ನಡಸ್ತಾವ. ನಮ್ಮ ಜತ್ತ ಕಡೆ ಕಲ್ಲಿನ ಗ್ವಾಡಿ ದಪ್ಪ, ಅದಕ್ಕ ದನಿ ಕಡೀತಿತ್ತು. ದೀಪ ಮಾತ್ರ ಆರಲಿಲ್ಲ.

ಭಜನಿ ಮ್ಯಾಳದಾಗೂ ಹಂಗ. ಒಬ್ಬ ಬರೇ ಬಾಯಿ ಆಡಿಸಿದರ ಉಳಿದವರ ದನಿ ಅವನನ್ನ ಮುಚ್ಚತದ. ಒಬ್ಬೊಬ್ಬರನ್ನ ಹಾಡಿಸಿದಾಗಲೇ ತಿಳಿಯೋದು.

ಹೊಸ ವಾಯರನ್ನ ಪೈಪಿನೊಳಗ ಹಾಯಿಸಿದಿವಿ. ಮುಂದಿನ ಸೋಮವಾರ ಪೂರಾ ಪದ ಹಾಡಿದೆ. ಮಗಳು ಸುಮ್ಮನ ಕೇಳಿ, "ಮತ್ತೊಂದು ಹಾಡು" ಅಂದಳು.