ಅಹಿಂಸಾಣುವ್ರತವೂ ನಮ್ಮ ಮನೆಯ ಎರಡು ನಾಯಿಗಳೂ

ಶ್ರಾವಕಾಚಾರವನ್ನು ಕುರಿತು ವಿದ್ವಾಂಸರು ಬರೆಯುವ ಲೇಖನಗಳನ್ನು ಶ್ರದ್ಧೆಯಿಂದ ಓದುತ್ತ ಬಂದವನು ನಾನು. ನಾನು ಪಂಡಿತನಲ್ಲ. ಬಿ.ಕಾಂ. ಮುಗಿಸಿ, ಹುಬ್ಬಳ್ಳಿಯಲ್ಲಿ ತಂದೆಯವರ ಕಾಳುಕಡಿ ಅಂಗಡಿಯ ಗಾದಿಯ ಮೇಲೆ ಕುಳಿತು ನಲವತ್ತು ವರ್ಷ ಜಮಾ-ಖರ್ಚು ಬರೆದವನು. ಸಂಜೆ ಬಸದಿಯ ಸ್ವಾಧ್ಯಾಯದಲ್ಲಿ ಹಿರಿಯರಿಂದ ನಾಲ್ಕು ಮಾತು ಕೇಳಿದವನು. ಆದುದರಿಂದ ಇಲ್ಲಿ ಸಿದ್ಧಾಂತ ನಿರೂಪಣೆಗೆ ಹೊರಟಿಲ್ಲ. ನಾನೂ ನನ್ನ ಧರ್ಮಪತ್ನಿಯೂ ಎರಡು ನಾಯಿಗಳೊಡನೆ ಬಾಳಿದ ಕಾಲದಲ್ಲಿ, ಕಡಲಾಚೆಗೆ ಹೋಗಿಬಂದ ಸಂದರ್ಭದಲ್ಲಿ, ನನ್ನಿಂದ ನಡೆದ ಒಂದು ತಪ್ಪನ್ನು ಧರ್ಮಬಂಧುಗಳ ಮುಂದೆ ಇಡುತ್ತೇನೆ.

2010ರ ಮಳೆಗಾಲದಲ್ಲಿ ಅಂಗಡಿಯ ಹಿಂದೆ, ನೆನೆದ ಗೋಣಿಚೀಲಗಳ ನಡುವೆ ಒಂದು ಮರಿ ನಡುಗುತ್ತ ಮಲಗಿತ್ತು. ಮಧ್ಯಾಹ್ನದ ಬುತ್ತಿ ತಂದಿದ್ದ ನಮ್ಮ ಮನೆಯವರು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದರು. ಅದಕ್ಕೆ ಮೋತಿ ಎಂದು ಹೆಸರಾಯಿತು. ಮೂರು ವರ್ಷಗಳ ತರುವಾಯ, ಊರು ಬಿಟ್ಟುಹೋದ ನೆರೆಮನೆಯವರು ಬಿಟ್ಟುಹೋದ ಸೋನು ತಾನಾಗಿಯೇ ನಮ್ಮ ಬಾಗಿಲಿಗೆ ಬಂತು.

ಬಸದಿಯಲ್ಲಿ ಹಿರಿಯರೊಬ್ಬರು ಆಕ್ಷೇಪಿಸಿದರು: "ನಾಯಿ ಹಿಂಸ್ರಪ್ರಾಣಿ. ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ ಅಸತೀಪೋಷಣವೂ ಒಂದಲ್ಲವೆ?" ಪ್ರಶ್ನೆ ನ್ಯಾಯವಾದುದೇ. ಆದರೆ ಆ ನಿಷೇಧ ಹೇಳಿರುವುದು ಜೀವನೋಪಾಯವನ್ನು ಕುರಿತು. ಕ್ರೂರಪ್ರಾಣಿಗಳನ್ನು ಸಾಕಿ ಅದರಿಂದ ಹಣ ಗಳಿಸುವುದನ್ನು ಕುರಿತು. ನಾವು ನಾಯಿಯನ್ನು ಕೊಂಡವರಲ್ಲ, ಮಾರಿದವರಲ್ಲ, ಮರಿ ಹಾಕಿಸಿ ಲಾಭ ಪಡೆದವರಲ್ಲ. ಹೀಗೆಂದು ವಿನಯದಿಂದ ಉತ್ತರ ಕೊಟ್ಟೆ. ಉತ್ತರ ಕೊಟ್ಟುದರಲ್ಲಿ ನನಗೆ ತುಸು ಹೆಮ್ಮೆಯೂ ಆಗಿತ್ತೆಂಬುದನ್ನು ಮರೆಮಾಚುವುದಿಲ್ಲ.

ಆಹಾರದ ವಿಷಯದಲ್ಲಿ ಪಶುವೈದ್ಯರನ್ನು ಕೇಳಿದೆವು. ನಾಯಿ ಬೆಕ್ಕಿನಂತಲ್ಲ, ಧಾನ್ಯವನ್ನೂ ಅರಗಿಸಿಕೊಳ್ಳಬಲ್ಲದು. ಆದರೆ ಬರಿಯ ಹಾಲು-ರೊಟ್ಟಿ ಸಾಲದು, ಬೇಳೆ, ಮೊಸರು, ತರಕಾರಿ ಎಲ್ಲವೂ ಬೇಕು, ಆಗಾಗ ತೂಕ ನೋಡಿಸಬೇಕು ಎಂದರು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷವೆಂದೂ ಎಚ್ಚರಿಸಿದರು. "ಮೊದಲಿನ ಎರಡೂ ನಮ್ಮ ಮನೆಯೊಳಗೇ ಬರೂದಿಲ್ರಿ" ಎಂದು ನಮ್ಮ ಮನೆಯವರು ನಕ್ಕರು. ಬೇಳೆಗೆ ಹಸಿಮೊಸರು ಬೆರೆಸಿದರೆ ದ್ವಿದಳದೋಷವೆಂದು ನಾಯಿಯ ಬಟ್ಟಲಿನಲ್ಲಿಯೂ ಅವರು ಅವೆರಡನ್ನು ಕೂಡಿಸುತ್ತಿರಲಿಲ್ಲ. ಬೇಳೆ ಬೆಳಿಗ್ಗೆ, ಮೊಸರು ಸಂಜೆ. ನಮ್ಮ ಊಟ ಸೂರ್ಯಾಸ್ತಕ್ಕೆ ಮುನ್ನ ಮುಗಿಯುವುದರಿಂದ ಅವುಗಳದೂ ಆಗಲೇ ಮುಗಿಯುತ್ತಿತ್ತು. ಸಂಜೆ ಐದೂವರೆಗೆ ಎರಡೂ ಬಟ್ಟಲಿನ ಮುಂದೆ ಬಂದು ಕುಳಿತಿರುತ್ತಿದ್ದವು. ಅಂಗಡಿಯ ಗಡಿಯಾರ ತಪ್ಪಿದರೂ ಅವು ತಪ್ಪುತ್ತಿರಲಿಲ್ಲ.

2018ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿರುವ ಮಗಳು-ಅಳಿಯಂದಿರು ನಮ್ಮನ್ನು ಕರೆಸಿಕೊಂಡರು. ನಲವತ್ತು ದಿನಗಳ ಪ್ರವಾಸ. ನಾಯಿಗಳನ್ನು ಬಾಡಿಗೆಗೆ ನೋಡಿಕೊಳ್ಳುವವರಲ್ಲಿ ಬಿಡಬೇಕಾಯಿತು. ಫೋನಿನಲ್ಲಿ ಮೂರು ಕಡೆ ವಿಚಾರಿಸಿದೆ. ಒಂದು ನಾಯಿಗೆ ದಿನಕ್ಕೆ ಒಬ್ಬರು 450 ರೂಪಾಯಿ, ಒಬ್ಬರು 300, ಮತ್ತೊಬ್ಬರು 180 ಎಂದರು. ವ್ಯಾಪಾರಿಯ ಬುದ್ಧಿ ಕಡೆಯದನ್ನೇ ಆರಿಸಿತು. ನಡುವಿನ ದರಕ್ಕೆ ಹೋಲಿಸಿದರೆ ಎರಡು ನಾಯಿಗಳ ಲೆಕ್ಕದಲ್ಲಿ 9,600 ರೂಪಾಯಿ ಉಳಿತಾಯ. "ಒಮ್ಮೆ ಹೋಗಿ ಜಾಗಾ ನೋಡಿ ಬರೂಣ್ರಿ" ಎಂದು ನಮ್ಮ ಮನೆಯವರು ಎರಡು ಸಲ ಹೇಳಿದರು. "ರೊಕ್ಕ ಕೊಡತೇವಿ, ನೋಡ್ಕೋತಾರ ಬಿಡು" ಎಂದು ನಾನು ಮುಂಗಡ ಕಳಿಸಿ, ಅಂಗಡಿಯ ಆಳಿನೊಡನೆ ನಾಯಿಗಳನ್ನೂ ಕಳಿಸಿಬಿಟ್ಟೆ.

ಲೆಸ್ಟರಿನಲ್ಲಿ ಮೊದಲ ತೊಡಕು ಬಂದುದು ನಮ್ಮ ಅನಸ್ತಮಿತ ಭೋಜನಕ್ಕೆ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಸುಮಾರಿಗೆ. "ಇನ್ನೂ ಹೊತ್ತು ಅದ" ಎಂದು ನಾನು ಒಂಬತ್ತು ಗಂಟೆಗೆ ಎರಡನೆಯ ಸಲ ತಟ್ಟೆಗೆ ಕೈ ಹಾಕಿದರೆ, "ಸೂರ್ಯನ ನೆವದಾಗ ಜಿಹ್ವಾಚಾಪಲ್ಯ ಬ್ಯಾಡ" ಎಂದು ನಮ್ಮ ಮನೆಯವರು ತಡೆಯುತ್ತಿದ್ದರು. 1988ರಲ್ಲಿ ಪ್ರತಿಷ್ಠೆಯಾದ ಅಲ್ಲಿನ ಜಿನಮಂದಿರವನ್ನು ಕಂಡು ಕಣ್ತುಂಬಿತು. ಹಿಂದೆ ಚರ್ಚಾಗಿದ್ದ ಕಟ್ಟಡವನ್ನು ಕೊಂಡು, ಅಮೃತಶಿಲೆಯ ಮುಖವನ್ನು ಕಟ್ಟಿ, ಶ್ವೇತಾಂಬರ ದಿಗಂಬರರಿಬ್ಬರ ಪ್ರತಿಮೆಗಳಿಗೂ ಒಂದೇ ಸೂರಿನಡಿ ಸ್ಥಾನ ಕೊಟ್ಟಿದ್ದಾರೆ. ಇಲ್ಲಿ ಕಾಣದ ಸಾಮರಸ್ಯವನ್ನು ಅಲ್ಲಿ ಕಂಡೆವು.

ಆ ನಾಡಿನಲ್ಲಿ ನಾಯಿಗಳು ಒಡೆಯರೊಡನೆ ರೈಲನ್ನೂ ಏರುತ್ತವೆ. ಒಂದು ದಿನ ಉದ್ಯಾನದಲ್ಲಿ ನಮ್ಮ ಮನೆಯವರು ಶೇಂಗಾ ಉಂಡಿಯನ್ನು ಬಿಚ್ಚುತ್ತಿರುವಾಗ ಕರುವಿನಷ್ಟೆತ್ತರದ ನಾಯಿಯೊಂದು ಬಂದು ಅವರ ತೊಡೆಯ ಮೇಲೆ ತಲೆ ಇಟ್ಟಿತು. ಓಡಿಬಂದ ಒಡತಿ ಆ ತಿಂಡಿಯಲ್ಲಿ ಏನೇನಿದೆ ಎಂದು ಗಾಬರಿಯಿಂದ ಕೇಳಿದಳು. "ನೋ ಆನಿಯನ್, ನೋ ಗಾರ್ಲಿಕ್, ವಿ ಜೈನ್" ಎಂದು ನಮ್ಮ ಮನೆಯವರು ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಅಭಯವಿತ್ತರು. ಆಕೆ ನಕ್ಕಳು. ಅಂದು ರಾತ್ರಿ ನಮ್ಮ ಮನೆಯವರಿಗೆ ನಿದ್ದೆ ಬರಲಿಲ್ಲ. "ಗುರುತು ಇಲ್ಲದ ನಾಯಿಗೆ ಏನು ತಿನ್ನಿಸ್ತಾರಂತ ಆಕಿ ಕೇಳಿದಳು. ನಮ್ಮ ಮೋತಿಗೆ ಏನು ತಿನ್ನಿಸಾಕತ್ತಾರಂತ ನಾವು ಕೇಳೇವೇನು?" ಎಂದರು. ಮರುದಿನ ಫೋನು ಮಾಡಿದೆ. "ಚಲೋ ಅದಾವ್ರಿ" ಎಂಬ ಒಂದು ಮಾತು ಬಂತು. ಅಷ್ಟಕ್ಕೆ ತೃಪ್ತನಾದೆ.

ಅಳಿಯಂದಿರು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರವನ್ನು ತೋರಿಸಿದರು. ಅಲ್ಲಿ ಗ್ರೇಫ್ರಯರ್ಸ್ ಬಾಬಿ ಎಂಬ ಪುಟ್ಟ ನಾಯಿಯ ಪ್ರತಿಮೆಯಿದೆ. 1858ರಲ್ಲಿ ತೀರಿಕೊಂಡ ತನ್ನ ಒಡೆಯನ ಗೋರಿಯನ್ನು ಅದು 1872ರಲ್ಲಿ ತಾನು ಸಾಯುವವರೆಗೆ, ಹದಿನಾಲ್ಕು ವರ್ಷ, ಬಿಟ್ಟು ಹೋಗಲಿಲ್ಲವೆಂದು ಜನರು ಹೇಳುತ್ತಾರೆ. ಕಥೆಯಲ್ಲಿ ಉತ್ಪ್ರೇಕ್ಷೆಯಿದೆಯೆನ್ನುವ ಇತಿಹಾಸಕಾರರೂ ಉಂಟು. ನನ್ನ ಮನಸ್ಸನ್ನು ಹಿಡಿದುದು ಬೇರೆ ಎರಡು ಸಂಗತಿ. ಒಡೆಯನಿಲ್ಲದ ಆ ನಾಯಿಗೆ ಲೈಸೆನ್ಸು ಇಲ್ಲವಾದಾಗ, 1867ರಲ್ಲಿ ಅದರ ಶುಲ್ಕವನ್ನು ಕೊಟ್ಟವರು ನಗರಾಧ್ಯಕ್ಷರಾಗಿದ್ದ ವಿಲಿಯಂ ಚೇಂಬರ್ಸ್. ವೃತ್ತಿಯಿಂದ ಪುಸ್ತಕ ಪ್ರಕಾಶಕರು, ನಮ್ಮಂತೆ ವ್ಯಾಪಾರಿ. ಇನ್ನೊಂದು, 1873ರಲ್ಲಿ ನಿಲ್ಲಿಸಿದ ಆ ಸ್ಮಾರಕ ಮೊದಲಿಗೆ ನೀರಿನ ಕಾರಂಜಿಯಾಗಿತ್ತು: ಮೇಲಿನದು ಮನುಷ್ಯರಿಗೆ, ಕೆಳಗಿನ ತೊಟ್ಟಿ ನಾಯಿಗಳಿಗೆ. ಸ್ಮಾರಕವೆಂದರೆ ಹೀಗಿರಬೇಕು ಎಂದು ಅಳಿಯಂದಿರ ಮುಂದೆ ದೊಡ್ಡ ಮಾತಾಡಿದೆ. ಆ ಹೊತ್ತಿಗೆ ಹುಬ್ಬಳ್ಳಿಯಲ್ಲಿ ನನ್ನ ನಾಯಿಗಳು ಯಾವ ಸ್ಥಿತಿಯಲ್ಲಿದ್ದವೆಂಬುದು ನನಗೆ ತಿಳಿಯದು.

ಊರಿಗೆ ಮರಳಿದ ದಿನವೇ ಇಬ್ಬರೂ ಅಲ್ಲಿಗೆ ಹೋದೆವು. ತಗಡಿನ ಮಾಡಿನ ಕೆಳಗೆ ಇಪ್ಪತ್ತು ನಾಯಿಗಳು ಗೂಟಕ್ಕೆ ಕಟ್ಟಿದ್ದವು. ನೋಡಿಕೊಳ್ಳಲು ಇದ್ದವನು ಒಬ್ಬ ಕೂಲಿಯ ಹುಡುಗ. ಮೋತಿಯ ಹಗ್ಗ ಒಂದು ಮೊಳಕ್ಕಿಂತ ಉದ್ದವಿರಲಿಲ್ಲ. ಕುತ್ತಿಗೆಯ ಕೂದಲು ಸುತ್ತಲೂ ಉದುರಿ ಚರ್ಮ ಕೆಂಪಾಗಿತ್ತು; ಪಕ್ಕೆಲುಬುಗಳನ್ನು ಎಣಿಸಬಹುದಾಗಿತ್ತು. ಸೋನು ಕುಣಿದಾಡಿತು. ಮೋತಿ ಎದ್ದು ನಿಂತು ನಮ್ಮನ್ನು ನೋಡಿತು, ಬಾಲ ಅಲ್ಲಾಡಿಸಲಿಲ್ಲ. ಮನೆಗೆ ಬಂದು ನೀರಿನ ಬಟ್ಟಲಿಗೆ ಬಾಯಿ ಹಾಕಿದ್ದು ಬಹಳ ಹೊತ್ತು ಎತ್ತಲೇ ಇಲ್ಲ. ನಮ್ಮ ಮನೆಯವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರವಾದರೂ ಕೊಡಬಹುದಾಗಿತ್ತು.

ಆ ವರ್ಷ ದಶಲಕ್ಷಣ ಪರ್ವದಲ್ಲಿ ಎಂದಿನಂತೆ ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ವಾಚನ ನಡೆಯಿತು. ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳು ಬಂದವು. ಅವನ್ನು ಬಾಲ್ಯದಿಂದ ಬಾಯಿಪಾಠ ಹೇಳುತ್ತ ಬಂದವನು, ಅಂದು ಮೊದಲ ಬಾರಿಗೆ ಕೇಳಿಸಿಕೊಂಡೆ. ಕಟ್ಟಿಹಾಕುವುದು ಮೊದಲನೆಯದು. ಅನ್ನನೀರನ್ನು ತಡೆಯುವುದು ಐದನೆಯದು. ನಡುವೆ ಹೊಡೆತ, ಅಂಗಚ್ಛೇದ, ಅತಿಭಾರ. ಕೊಲ್ಲುವ ಮಾತೇ ಅಲ್ಲಿಲ್ಲ! ಕೊಲ್ಲದ ಮನುಷ್ಯನೂ ತನ್ನ ವಶದಲ್ಲಿರುವ ಜೀವಕ್ಕೆ ಏನೇನು ಮಾಡಬಹುದೆಂಬುದನ್ನು ಆಚಾರ್ಯರು ಎಣಿಸಿಟ್ಟಿದ್ದಾರೆ. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೂ ಅತಿ ಗಿಡ್ಡ ಸರಪಳಿಯಲ್ಲಿ ಬಹುಕಾಲ ಕಟ್ಟಿಹಾಕುವುದನ್ನೂ ಸಾಕಷ್ಟು ಅನ್ನನೀರು ಕೊಡದಿರುವುದನ್ನೂ ಅಪರಾಧವೆಂದಿದೆ. ಆಚಾರ್ಯರು ಅದನ್ನು ಸಾವಿರದೈನೂರು ವರ್ಷಗಳಷ್ಟು ಹಿಂದೆಯೇ ಹೇಳಿದ್ದರು.

"ನಾನು ಕಟ್ಟಲಿಲ್ಲ, ಬೇರೆಯವರು ಕಟ್ಟಿದರು" ಎಂದು ಮನಸ್ಸು ವಾದಿಸಿತು. ಆದರೆ ಜಿನಧರ್ಮ ಆ ಬಾಗಿಲನ್ನೂ ಮುಚ್ಚಿದೆ. ಪಾಪ ತಾನು ಮಾಡಿದುದು ಮಾತ್ರವಲ್ಲ. ಮಾಡಿಸಿದುದೂ ಪಾಪವೇ, ಮಾಡುವವರನ್ನು ಒಪ್ಪಿದುದೂ ಪಾಪವೇ. ಕೃತ, ಕಾರಿತ, ಅನುಮೋದಿತ. ಹಣವೆಂಬುದು ಕಾರಿತಕ್ಕೆ ಅತಿ ಸುಲಭವಾದ ಸಾಧನ. ಬೆವರುವುದು ಬೇರೆಯವನ ಕೈ, ಹೊಲಸಾಗುವುದು ಬೇರೆಯವನ ಕೈ; ನಮ್ಮ ಕೈಯಲ್ಲಿರುವುದು ರಸೀದಿ ಮಾತ್ರ. ಆ ಕೂಲಿಯ ಹುಡುಗನನ್ನು ನಾನು ದೂರಲಾರೆ. ಮೂರು ದರಗಳಲ್ಲಿ ಕಡಿಮೆಯದನ್ನು ನೋಡದೆ ಆರಿಸಿದವನು ನಾನು. ಆ ದರಕ್ಕೆ ಆ ಹಗ್ಗವೇ ಬರುತ್ತದೆ. ಕಾಳಿನ ವ್ಯಾಪಾರದಲ್ಲಿ ಮಾದರಿ ನೋಡದೆ ಒಂದು ಚೀಲವನ್ನೂ ಕೊಳ್ಳದವನಿಗೆ ಇದು ತಿಳಿಯದ ಸಂಗತಿಯಾಗಿತ್ತೆ?

2022ರಲ್ಲಿ ಮೊಮ್ಮಗಳು ಹುಟ್ಟಿದಳು. ಲೆಸ್ಟರಿನಿಂದ ಮತ್ತೆ ಕರೆ ಬಂತು. ಮೋತಿಗೆ ಆಗ ಹನ್ನೆರಡು ವರ್ಷ, ಹಿಂಗಾಲು ಸೋತಿದ್ದವು. ದಂಪತಿಗಳಿಬ್ಬರೂ ಕೂಡಿ ಹೋಗಬಾರದೆಂದು ನಿಶ್ಚಯಿಸಿದೆವು. ಮೇ ತಿಂಗಳಲ್ಲಿ ನಮ್ಮ ಮನೆಯವರು ಬಾಣಂತನಕ್ಕೆ ಹೋದರು. ಅವರು ಮರಳಿದ ನಾಲ್ಕು ದಿನಕ್ಕೆ ನಾನು ಹೊರಟೆ. ಮದುವೆಯಾದ ಮೇಲೆ ಮೊದಲ ಬಾರಿಗೆ ಎರಡು ತಿಂಗಳು ನಾನೊಬ್ಬನೇ ಒಲೆ ಹಚ್ಚಿದೆ. ನಾನು ತಟ್ಟಿದ ಜೋಳದ ರೊಟ್ಟಿಯನ್ನು ಸೋನು ಮೂಸಿ ನೋಡಿ ನನ್ನ ಮುಖ ನೋಡಿತು. ಮೋತಿ ಮಾತ್ರ ಹಾಲಿನಲ್ಲಿ ನೆನೆಸಿ ಕೊಟ್ಟುದನ್ನು ಬೇಸರಿಸದೆ ತಿಂದಿತು. ವಿಮಾನದ ಟಿಕೇಟು ಬೇರೆ ಬೇರೆಯಾದುದರಿಂದ ವೆಚ್ಚವೇನೂ ಹೆಚ್ಚಲಿಲ್ಲ. ಇಬ್ಬರೂ ಕೂಡಿ ಮೊಮ್ಮಗಳನ್ನು ಎತ್ತಿ ಆಡಿಸುವ ಸುಖ ಮಾತ್ರ ತಪ್ಪಿತು. ಅದನ್ನು ನಷ್ಟವೆಂದು ನಾನು ಬರೆದಿಲ್ಲ.

2023ರ ಆಗಸ್ಟಿನಲ್ಲಿ ಮೋತಿಯ ಆಯುಷ್ಯ ಮುಗಿಯಿತು. ಭಾಸ್ಕರ ಕವಿಯ ‘ಜೀವಂಧರ ಚರಿತೆ’ಯನ್ನು ಓದಿದವರಿಗೆ ಆ ಪ್ರಸಂಗ ನೆನಪಿದ್ದೀತು: ಪೆಟ್ಟು ತಿಂದು ಸಾಯುತ್ತಿದ್ದ ನಾಯಿಗೆ ಜೀವಂಧರನು ಪಂಚನಮಸ್ಕಾರವನ್ನು ಕೇಳಿಸುತ್ತಾನೆ, ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಅವನ ಉಪಕಾರವನ್ನು ತೀರಿಸುತ್ತದೆ. ಧರ್ಮದಿಂದ ನಾಯಿಯೂ ದೇವನಾದೀತು, ಅಧರ್ಮದಿಂದ ದೇವನೂ ನಾಯಿಯಾದಾನು ಎಂಬ ಅರ್ಥದ ಮಾತನ್ನು ಸಮಂತಭದ್ರ ಆಚಾರ್ಯರು ರತ್ನಕರಂಡಕದಲ್ಲಿ ಹೇಳಿದ್ದಾರೆ. ನಾನೂ ಮೋತಿಯ ಕಿವಿಯ ಬಳಿ ಬಾಗಿ ನಮೋಕಾರ ಹೇಳಿದೆ. ನಮ್ಮ ಮನೆಯವರು ಅದರ ಬಾಯಿಗೆ ಹನಿ ಹನಿಯಾಗಿ ನೀರು ಬಿಟ್ಟರು. ಕುತ್ತಿಗೆಯ ಮೇಲೆ ಕೈಯಾಡಿಸಿದಾಗ, ಕೂದಲು ಮತ್ತೆ ಸರಿಯಾಗಿ ಬೆಳೆಯದ ಒಂದು ಗೆರೆ ಬೆರಳಿಗೆ ತಾಗಿತು. ಜೀವಂಧರನು ಹೊಡೆದವರ ಕೈಯಿಂದ ನಾಯಿಯನ್ನು ಬಿಡಿಸಿಕೊಂಡವನು. ನಾನು ಕಟ್ಟುವವರ ಕೈಗೆ ಕೊಟ್ಟವನು. ಅದು ಯಾವ ಗತಿಯನ್ನು ಪಡೆಯಿತೆಂದು ನಾನು ಹೇಳಲಾರೆ. ಐದು ವರ್ಷ ನನ್ನನ್ನು ಕ್ಷಮಿಸಿಯೇ ನನ್ನ ಕಾಲ ಬಳಿ ಮಲಗಿತ್ತೆಂಬುದನ್ನು ಹೇಳಬಲ್ಲೆ.

ಮಂದಿರ, ಗೋಶಾಲೆಗಳ ಟ್ರಸ್ಟಿನ ಬಂಧುಗಳಲ್ಲಿ ಒಂದು ಅರಿಕೆ. ಮುಂಬಯಿಯಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಸರಕಾರದ ಆಜ್ಞೆಯನ್ನು ವಿರೋಧಿಸಿ 1832ರಲ್ಲಿ ಪಾರಸಿಗಳು ಬೀದಿಗಿಳಿದಾಗ ಹಿಂದೂಗಳೂ ಜೈನರೂ ಕೂಡಿಕೊಂಡರು. 1834ರಲ್ಲಿ ಪಾರಸಿ ಮತ್ತು ಜೈನ ವರ್ತಕರ ಹಣದಿಂದ ಅಲ್ಲಿ ಪಾಂಜರಪೋಳ ಕಟ್ಟಲಾಯಿತು. ಅದು ನಮ್ಮ ಹಿರಿಯರ ಪುಣ್ಯ. ಇಂದು ನಾವೂ ಜೀವದಯೆಗೆ ಧಾರಾಳವಾಗಿ ಕೊಡುತ್ತೇವೆ, ಫಲಕದಲ್ಲಿ ಹೆಸರು ಬರೆಸುತ್ತೇವೆ. ಕೊಟ್ಟ ಮೇಲೆ ಒಮ್ಮೆ ಹೇಳದೆ ಕೇಳದೆ ಹೋಗಿ ನೋಡಿ ಬರೋಣ: ತೊಟ್ಟಿಯಲ್ಲಿ ನೀರಿದೆಯೆ? ಹಗ್ಗ ಎಷ್ಟು ಉದ್ದವಿದೆ? ನೋಡಿಕೊಳ್ಳುವ ಹುಡುಗನಿಗೆ ಹೊಟ್ಟೆತುಂಬುವ ಸಂಬಳವಿದೆಯೆ? ನೋಡದೆ ಕೊಟ್ಟ ದಾನವೂ ಕೆಲವೊಮ್ಮೆ ಕಾರಿತವಾಗುತ್ತದೆ.

ಅಂದು ಉಳಿಸಿದ 9,600 ರೂಪಾಯಿಗಳನ್ನು ನಾನು ನನ್ನ ಲೆಕ್ಕದಲ್ಲಿ ಸಾಲವೆಂದು ಬರೆದಿಟ್ಟಿದ್ದೇನೆ. ಪ್ರತಿವರ್ಷ ಬೇಸಿಗೆಗೆ ಮುನ್ನ ಅಷ್ಟೇ ಮೊತ್ತದ ಸಿಮೆಂಟಿನ ನೀರಿನ ಬಾನಿಗಳನ್ನು ಕೊಂಡು ನಮ್ಮ ಓಣಿಯಲ್ಲಿಯೂ ಮಾರುಕಟ್ಟೆಯ ಆವರಣದಲ್ಲಿಯೂ ಇಡಿಸುತ್ತೇನೆ. ನೀರು ತುಂಬಿದೆಯೋ ಇಲ್ಲವೋ ಎಂದು ಬೆಳಿಗ್ಗೆ ನಾನೇ ನೋಡಿ ಬರುತ್ತೇನೆ. ಸಾಲ ತೀರಿತೆಂದು ಇನ್ನೂ ಬರೆದಿಲ್ಲ. ಕ್ಷಮಾವಣಿಯ ದಿನ ಪೇಟೆಯ ವರ್ತಕರಿಗೆಲ್ಲ ಕ್ಷಮಾಪತ್ರ ಕಳಿಸುವ ಪದ್ಧತಿ ನನಗಿದೆ. ಈಗ ಆ ಪತ್ರಗಳಿಗೆ ವಿಳಾಸ ಬರೆಯುವ ಮುನ್ನ ಹಿತ್ತಲಲ್ಲಿ ಮೋತಿಯನ್ನು ಹೂಳಿದ ಜಾಗಕ್ಕೆ ಹೋಗಿ ಕೈಮುಗಿದು ಬರುತ್ತೇನೆ. ಸೋನು ನನ್ನ ಹಿಂದೆಯೇ ಬರುತ್ತದೆ.